ಜಿವೆನಿಯ ಗೂಡುಗಳು

ಮೇ 9

ಇವತ್ತು ಕಿಚಂಗಾ ದಿಬ್ಬ ತೆರೆದರು. ಮೂರು ತಿಂಗಳು ಯಾರೂ ಕಾಲಿಡದೆ ಮುಚ್ಚಿಟ್ಟಿದ್ದ ಹವಳದ ದಿಬ್ಬ. ಡೋಲು ಬಾರಿಸಿದರು. ಊರಿನ ಮುಖ್ಯಸ್ಥ ಶೇಹಾ ಫಾಕಿ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಬಂದಿದ್ದ. ಪಟ್ಟಣದಿಂದ ಕೊಳ್ಳುವವನ ಲಾರಿ ಮಂಜುಗಡ್ಡೆ ಹೊತ್ತು ಕಾಯುತ್ತಿತ್ತು. ನಾವು ಹೆಂಗಸರು ಕಾಂಗಾ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೋಲು ಹಿಡಿದು, ಇಳಿದುಹೋಗುವ ನೀರಿನ ಬೆನ್ನಿಗೇ ನಡೆದೆವು, ಮದುವೆ ಮನೆಗೆ ಹೊರಟವರ ಹಾಗೆ.

ಸಿಕ್ಕಿದ್ದು ಅಂಗೈಯಗಲದ ನಾಲ್ಕಾರು ಪ್ವೆಜಾ. ಎಂಟು ಕೈಯ ಈ ಪ್ರಾಣಿಯೇ ನಮ್ಮ ಅನ್ನ. ಅದು ಬಡಕಲಾಗುತ್ತಾ ಬಂದಿದೆ ಅಂತಲೇ ದಿಬ್ಬ ಮುಚ್ಚಿದ್ದು, ದೊಡ್ಡದಾಗಿ ಬೆಳೆಯಲಿ ಅಂತ. ಎಲ್ಲರೂ ಪೆಚ್ಚು ಮೋರೆ ಹಾಕಿಕೊಂಡು ನಿಂತಿರುವಾಗ ನನ್ನ ಸವತಿ ಬಾಯಿ ಬಿಟ್ಟಳು.

"ಅಕ್ಕಾ, ಇಲ್ಲಿ ಬರೀ ಮರಳು. ಕಲ್ಲೇ ಇಲ್ವಲ್ಲ. ಪ್ವೆಜಾ ಎಲ್ಲಿ ಮನೆ ಮಾಡ್ತದೆ?"

ಒಬ್ಬೊಬ್ಬರಿಗೂ ತಕ್ಷಣ ಏನೋ ಕೆಲಸ ನೆನಪಾಯಿತು. ಒಬ್ಬಳು ಕಾಂಗಾ ಬಿಗಿದಳು, ಇನ್ನೊಬ್ಬಳು ಕೋಲಿನ ತುದಿ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರೇ ಎಲ್ಲ. ಯಾವ ದಿಬ್ಬ ಮುಚ್ಚೋಣ ಅಂತ ಸಭೆಯಲ್ಲಿ ಕೇಳಿದಾಗ ಎಲ್ಲರೂ ಒಂದೇ ಬಾಯಲ್ಲಿ ಕಿಚಂಗಾ ಅಂದಿದ್ದೆವು, ಅಲ್ಲಿ ಯಾರ ಗೂಡೂ ಇಲ್ಲವಾದ್ದರಿಂದ. ಪ್ವೆಜಾ ಇರುವ ಗೂಡನ್ನು ನಮ್ಮಲ್ಲಿ ತಾಯಿ ಮಗಳಿಗೆ ಮಾತ್ರ ತೋರಿಸುತ್ತಾಳೆ. ಗಂಡನಿಗೂ ಹೇಳುವುದಿಲ್ಲ. ನಮ್ಮ ಗೂಡು ತೆರೆದಿರಲಿ, ಮುಚ್ಚುವುದು ಬೇರೆ ಎಲ್ಲಾದರೂ ಆಗಲಿ ಅಂತ ಲೆಕ್ಕ ಹಾಕಿದೆವು. ನಾನೂ ಕೈ ಎತ್ತಿದ್ದೆ. ಎಲ್ಲರಿಗಿಂತ ಸ್ವಲ್ಪ ಮೊದಲೇ ಎತ್ತಿದ್ದೆ.

ಹೊರಗಿನಿಂದ ಬಂದವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಆದರೂ ಅಷ್ಟು ಜನರ ಮುಂದೆ ನನ್ನನ್ನೇ ಕೇಳಬೇಕಿತ್ತೇ!

ಮೇ 14

ಕನಸಿನಲ್ಲಿ ನೀರು ಹಾಲಿನಷ್ಟು ಬೆಳ್ಳಗಿತ್ತು. ಅದರ ಮೇಲೆ ಅಮ್ಮ ಚಾಪೆ ಹೆಣೆಯುತ್ತಾ ಕೂತಿದ್ದಳು. ಚಾಪೆ ಉದ್ದವಾಗುತ್ತಾ ದಿಗಂತದ ಆಚೆ ಹೋಗಿತ್ತು.

ಕನಸನ್ನು ನಮ್ಮನ್ನು ಪ್ರೀತಿಸುವವರಿಗೆ ಮಾತ್ರ ಹೇಳಬೇಕು, ಬೇರೆಯವರ ಕಿವಿಗೆ ಬಿದ್ದರೆ ಅದು ಸೊಟ್ಟಗೆ ಫಲಿಸುತ್ತದೆ ಅನ್ನುತ್ತಾರೆ. ಅಮ್ಮ ಹೋದ ಮೇಲೆ ನನಗೆ ಅಂಥವರು ಯಾರಿದ್ದಾರೆ? ಇವರಿಗೆ ಹೇಳಿದರೆ ಅರ್ಧದಲ್ಲೇ ಗೊರಕೆ ಹೊಡೆಯುತ್ತಾರೆ. ಅದಕ್ಕೇ ಬರೆದಿಡುವುದು.

ಮೇ 23

ಹುಣ್ಣಿಮೆ. ನೀರು ಬಹಳ ದೂರ ಇಳಿದಿತ್ತು. ಜಿವೆನಿ ದಿಬ್ಬಕ್ಕೆ ಹೊರಟೆ. ನೆಟ್ಟಗೆ ಹೋದರೆ ಬೇಗ ತಲುಪಬಹುದು, ಆದರೆ ನಾನು ಎಂದೂ ನೆಟ್ಟಗೆ ಹೋದವಳಲ್ಲ. ಮೊದಲು ಉತ್ತರಕ್ಕೆ ನಡೆದು, ಚಿಪ್ಪು ಹೆಕ್ಕುವವಳಂತೆ ಬಗ್ಗಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ತಿರುಗುವುದು. ಅಮ್ಮ ಹಾಗೇ ಕಲಿಸಿದ್ದಳು.

ಇವತ್ತು ಸವತಿ ಹಿಂದೆ ಇದ್ದಳು. ಹಳದಿ ಕಾಂಗಾ ಉಟ್ಟು, ಅಷ್ಟು ದೂರದಿಂದ ನಾನು ಬಗ್ಗಿದರೆ ತಾನೂ ಬಗ್ಗುತ್ತಾ. ಅವಳ ತೌರು ಒಳನಾಡಿನ ಲವಂಗದ ತೋಟ. ಅವಳಿಗೆ ಒಂದು ಗೂಡನ್ನೂ ಯಾರೂ ಕೊಟ್ಟಿಲ್ಲ. ಮಕ್ಕಳಿಲ್ಲ ಅಂತ ನನ್ನ ಮೇಲೆ ಇವರು ಅವಳನ್ನು ತಂದರು, ಈಗ ಗಂಡನಲ್ಲಿ ಅರ್ಧ ಸಾಲದೆ ಗೂಡಿನಲ್ಲೂ ಅರ್ಧ ಬೇಕೇನೋ ಅಂತ ಕುದಿಯಿತು. ಮೊಣಕಾಲಿನವರೆಗೆ ಕೆಸರಿರುವ ಕಡೆ ಸುತ್ತಾಡಿಸಿ ಅವಳನ್ನು ಅಲ್ಲೇ ಬಿಟ್ಟು ಬಂದೆ. ಖುಷಿಯಾಯಿತು.

ಅಮ್ಮನ ದೊಡ್ಡ ಗೂಡಿನ ಬಾಯಲ್ಲಿ ಚಿಪ್ಪಿನ ಚೂರುಗಳಿದ್ದವು, ಒಳಗೆ ಇದೆ ಅಂತ ಅರ್ಥ. ಕೋಲು ಬಿಟ್ಟೆ, ಹಿಡಿಯಿತು, ಎಳೆದೆ. ಮುಷ್ಟಿಯಷ್ಟೇ. ಅಮ್ಮನ ಕಾಲದಲ್ಲಿ ಇದೇ ಗೂಡಿನಿಂದ ಬಂದದ್ದು ಅವಳ ಮೊಣಕೈವರೆಗೂ ಸುತ್ತಿಕೊಳ್ಳುತ್ತಿತ್ತು. ಬಿಟ್ಟರೆ ಇನ್ನೊಬ್ಬಳು ಒಯ್ಯುತ್ತಾಳೆ ಅಂತ ಬುಟ್ಟಿಗೆ ಹಾಕಿಕೊಂಡೆ. ಗೂಡಿನ ಬಾಗಿಲಿಗೆ ಕಲ್ಲುಗಳನ್ನು ಮೊದಲಿದ್ದ ಹಾಗೆಯೇ ಜೋಡಿಸಿದೆ. ಮನೆ ಸರಿಯಾಗಿದ್ದರೆ ಇನ್ನೊಂದು ಬಾಡಿಗೆಗೆ ಬರುತ್ತದೆ ಅಂತ ಅಮ್ಮ ಹೇಳುತ್ತಿದ್ದಳು.

ತಿರುಗುವಾಗ ಕಲ್ಲು ಅಂತ ಕಾಲಿಟ್ಟೆ, ಅದು ಕಲ್ಲುಮೀನು. ವಿಷದ ಮುಳ್ಳು ಹಿಮ್ಮಡಿಗೆ ನೆಟ್ಟಿತು. ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಇನ್ನು ಬರೆಯಲಾರೆ.

ಮೇ 26

ಕಾಲು.

ಜೂನ್ 1

ಇವತ್ತು ಕೂರುವಷ್ಟಾಯಿತು. ಕಾಲು ಕುಂಬಳದಷ್ಟು ಊದಿ ಹಸಿರುಗಟ್ಟಿದೆ. ನನ್ನನ್ನು ಹೊತ್ತು ತಂದವಳು ಅವಳೇ ಅಂತೆ. ಕೆಸರಿನಿಂದ ಎದ್ದು, ನನ್ನ ಕೂಗು ಕೇಳಿ ಓಡಿಬಂದು, ನೀರು ಏರುತ್ತಿರುವಾಗ ಬೆನ್ನ ಮೇಲೆ ಹಾಕಿಕೊಂಡು ನಡೆದಳಂತೆ. ತಾಟು, ನಮ್ಮ ಪಕ್ಕದ ಮನೆಯವಳು, ಬಂದು ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದಳು. "ನಿನ್ನ ಸವತಿ ಅಲ್ಲ ಕಣೇ ಅವಳು, ಕತ್ತೆ. ಅಷ್ಟು ಭಾರ ಹೊರೋಕೆ ಕತ್ತೇನೇ ಆಗ್ಬೇಕು."

ತಾಟುವಿನ ನಾಲಿಗೆಗೆ ಮೂಳೆಯಿಲ್ಲ.

ಜ್ವರದಲ್ಲಿ ಒಂದು ಕನಸು ಮತ್ತೆ ಮತ್ತೆ ಬಂತು. ಕಡಲು ಹಿಂದೆ ಸರಿದದ್ದು ತಿರುಗಿ ಬರಲೇ ಇಲ್ಲ. ಬೆಚ್ಚಗಿನ ನೀರು ಪಾದ ಮುಳುಗುವಷ್ಟೇ ನಿಂತಿತ್ತು. ಅಮ್ಮ ಮುಂದೆ, ನಾನು ಹಿಂದೆ. ಒಂದೊಂದು ಗೂಡಿನಲ್ಲೂ ಹಣತೆಯಷ್ಟು ಬೆಳಕು. ಪ್ವೆಜಾಗಳು ಹೆಂಗಸರ ಹಾಗೆ ಹೊಸ್ತಿಲಲ್ಲಿ ಕೂತು ಚಿಪ್ಪು ಗುಡಿಸುತ್ತಿದ್ದವು. ಒಂದು ತಲೆಯೆತ್ತಿ, "ಇವಳ ಹಿಂದೆ ಯಾರು ಬರ್ತಿದ್ದಾರೆ?" ಅಂತ ಅಮ್ಮನನ್ನು ಕೇಳಿತು. ಅಮ್ಮ ತಿರುಗಿ ನೋಡಿದಳು. ನಾನೂ ತಿರುಗಿ ನೋಡಿದೆ. ಉದ್ದಕ್ಕೂ ನೀರು, ಅದರ ಮೇಲೆ ಬೆಳಕು, ಯಾರೂ ಇರಲಿಲ್ಲ. ಎಚ್ಚರವಾದಾಗ ಅಳುತ್ತಿದ್ದೆ.

ಜೂನ್ 7

ಅಮಾವಾಸ್ಯೆಯ ಇಳಿತ. ಬೆಳಿಗ್ಗೆ ಹೆಂಗಸರೆಲ್ಲ ಕೋಲು ಹಿಡಿದು ಅಂಗಳದ ಮುಂದೆ ಹಾದುಹೋದರು. ನಾನು ಗೋಡೆಗೆ ಒರಗಿ ಕೂತು ಅವರ ಸದ್ದು ಕಡಲ ಕಡೆ ಕರಗುವುದನ್ನು ಕೇಳಿದೆ.

ಅವಳು ದಿನಾ ಬಂದು ಬಿಸಿನೀರಿನಲ್ಲಿ ಕಾಲು ಅದ್ದಿಸುತ್ತಾಳೆ. ಮರಗೆಣಸಿನ ಗಂಜಿಗೆ ತೆಂಗಿನಹಾಲು ಜಾಸ್ತಿ ಹಾಕುತ್ತಾಳೆ. ಒಳನಾಡಿನವರಿಗೆ ಕೈ ಅಳತೆ ಇಲ್ಲ. ಹೇಳಿದೆ.

"ಜಾಸ್ತಿ ಅಂದ್ರೂ ಬಟ್ಟಲು ಖಾಲಿ ಮಾಡ್ತೀರಲ್ಲ ಅಕ್ಕಾ" ಅಂದಳು.

"ಹಸಿವಿಗೆ ರುಚಿ ಇಲ್ಲ."

"ಹಾಗಾದ್ರೆ ನಾಳೆ ನೀರೇ ಕೊಡ್ತೀನಿ."

ಇವರು ಬಾಗಿಲಲ್ಲಿ ಕೂತು ಮೀನಿನ ಬೋನು ಹೆಣೆಯುತ್ತಾ, "ನಾನೊಬ್ಬ ಇಲ್ಲಿದೀನಿ, ನನಗೂ ಯಾರಾದ್ರೂ ಬೈರಿ" ಅಂದರು. ಇಬ್ಬರು ಹೆಂಡಿರ ನಡುವೆ ಕೂತವನಿಗೆ ಇಷ್ಟು ನೆಮ್ಮದಿ ಎಲ್ಲಿಂದ ಬರುತ್ತದೋ.

ಮಧ್ಯಾಹ್ನ ಅವಳು ತಂದ ಬುಟ್ಟಿಯಲ್ಲಿ ಬೆರಳುದ್ದದ ಒಂದು ಮರಿ. ಗೂಡಿಲ್ಲದವಳಿಗೆ ಇನ್ನೇನು ಸಿಗುತ್ತದೆ. ಅದನ್ನೇ ಕುಟ್ಟಿ ಮೆದು ಮಾಡಿ, ಬೇಯಿಸಿ, ಮೊದಲು ನನ್ನ ತಟ್ಟೆಗೆ ಹಾಕಿದಳು.

ಜಿವೆನಿಯ ದಾರಿ ಅವಳು ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

ಜೂನ್ 15

ನಾಟಿ ವೈದ್ಯ ಬಂದು ಕಾಲು ನೋಡಿದ. ಏನೋ ಅಂದ.

ಜೂನ್ 21

ಇವತ್ತು ತೆಂಕಣ ಗಾಳಿ ಜೋರು. ಚಾವಣಿಯ ಗರಿಗಳು ಇಡೀ ದಿನ ಪಿಸುಗುಟ್ಟಿದವು. ನನ್ನ ಸವತಿ ಜುವೇನಾ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಕಣ್ಣು ಮುಚ್ಚಿದ್ದೆ.

"ಒಂದು ಕನಸು ಬಿತ್ತು" ಅಂದೆ.

ಅವಳ ಕೈ ನಿಂತಿತು. "ನಂಗೆ ಹೇಳ್ಬಹುದಾ ಅಕ್ಕಾ?"

"ಕೇಳಿಸ್ಕೊಂಡ್ರೆ ಕೇಳಿಸ್ಕೋ, ಬಿಟ್ರೆ ಬಿಡು. ಒಂಟಿ ಕಾಂಡ್ಲಾ ಗಿಡಕ್ಕೆ ಬೆನ್ನು ಮಾಡಿ ಹೊರಟಿದ್ದೆ. ಮಸೀದಿ ಗೋಡೆ ಎಡಗಿವಿ ಹತ್ರ ಇತ್ತು. ಬಿಳೀ ಗೋಡೆ ಮರಳಿನ ದಿಣ್ಣೆ ಹಿಂದೆ ಮರೆಯಾಗೋ ತನಕ ನಡೆದೆ. ಅಲ್ಲೊಂದು ಕಲ್ಲು, ನಮಾಜಿಗೆ ಬಗ್ಗಿದ ಮುದುಕನ ಹಾಗೆ. ಅದರ ನೆರಳು ಬೀಳೋ ಕಡೆ ಬಾಗಿಲು."

"ಆಮೇಲೆ?"

"ಆಮೇಲೆ ಎಚ್ಚರ ಆಯ್ತು."

ಅವಳು ಮತ್ತೆ ಎಣ್ಣೆ ಹಚ್ಚಿದಳು. ನಾನು ದಾರಿಯನ್ನೇನೂ ಹೇಳಲಿಲ್ಲ. ಕನಸು ಹೇಳಿದೆ, ಅಷ್ಟೆ. ಅದೂ ನಿಜವಾಗಿ ಬಿದ್ದ ಕನಸೇನಲ್ಲ.

ಜೂನ್ 22

ಜುವೇನಾ ಬರಿಗೈಯಲ್ಲಿ ಬಂದಳು. ಒದ್ದೆ ಬಟ್ಟೆಯಲ್ಲೇ ನನ್ನ ಚಾಪೆಯ ಅಂಚಿಗೆ ಕೂತಳು.

"ನಿಮ್ಮ ಕನಸಿನ ಮನೇಲಿ ತಾಯಿ ಕೂತಿತ್ತು ಅಕ್ಕಾ. ಚಾವಣಿಗೆ ಮೊಟ್ಟೆ ನೇತುಹಾಕಿತ್ತು, ದ್ರಾಕ್ಷಿ ಗೊಂಚಲಿನ ಹಾಗೆ. ಅದು ಬಾಯಲ್ಲಿ ನೀರು ಊದಿ ಊದಿ ಗಾಳಿ ಹಾಕ್ತಿತ್ತು. ನನ್ನ ಕೋಲು ಕಂಡ್ರೂ ಓಡಲಿಲ್ಲ. ನಂಗೆ ಎಳೆಯೋಕೆ ಮನಸ್ಸು ಬರ್ಲಿಲ್ಲ. ಕಲ್ಲು ಮುಚ್ಚಿ ಬಂದೆ."

"ದೊಡ್ಡದಾ?"

"ದೊಡ್ಡದೇ."

ಮೊಟ್ಟೆ ಕಾಯುವಾಗ ಅದು ಏನೂ ತಿನ್ನುವುದಿಲ್ಲ. ಮರಿ ಹೊರಟ ಮೇಲೆ ಸಾಯುತ್ತದೆ. ಹೇಗೂ ಸಾಯುವುದು ತಾನೇ ಅಂತ ನಾವು ಎಳೆದು ಹಾಕುತ್ತೇವೆ. ನಾನಾಗಿದ್ದರೆ ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ, ಎಷ್ಟೋ ಸಲ ಬಿಟ್ಟಿಲ್ಲ. ಅಂಥ ಒಂದೊಂದನ್ನು ಎಳೆದಾಗಲೂ ಎಷ್ಟು ಮರಿ ಹೋದವು ಅಂತ ಯೋಚಿಸಿದರೆ ಎದೆ ಭಾರವಾಗುತ್ತದೆ.

ರಾತ್ರಿಗೆ ಅನ್ನ, ಸೊಪ್ಪು. ಇವರು ಮೀನೆಲ್ಲಿ ಅಂತ ಕೇಳಿದರು. ಜುವೇನಾ ಅವರ ತಟ್ಟೆಗೆ ಇನ್ನೊಂದು ಸೌಟು ಸೊಪ್ಪು ಬಡಿಸಿದಳು.

ಜುಲೈ 12

ಶುಕ್ರವಾರದ ನಮಾಜ್ ಮುಗಿದ ಮೇಲೆ ಮಾವಿನಮರದ ಕೆಳಗೆ ಸಭೆ. ಜುವೇನಾಳ ಹೆಗಲು ಹಿಡಿದು ಹೋದೆ. ಶೇಹಾ ಫಾಕಿ ಬೇಸತ್ತಿದ್ದ.

"ಮುಚ್ಚೋ ಆಟ ಒಂದ್ಸಲ ಆಡಿದ್ವಿ, ಲಾರಿಯವನ ಮುಂದೆ ಮಾನ ಹೋಯ್ತು. ಇನ್ನೊಂದು ದಿಬ್ಬ ಮುಚ್ಚೋದಾದ್ರೆ ಯಾವುದು ಅಂತ ನೀವೇ ಹೇಳಿ. ಇಲ್ಲಾಂದ್ರೆ ಇವತ್ತಿಗೇ ಕೈ ಬಿಡೋಣ."

ಕೈ ಬಿಟ್ಟರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಇನ್ನೆರಡು ವರ್ಷಕ್ಕೆ ಬೆರಳುದ್ದದ ಮರಿಯೂ ಇರುವುದಿಲ್ಲ. ಮುಚ್ಚಿದರೆ ಏನಾಗುತ್ತದೆ ಅಂತಲೂ ಗೊತ್ತು. ತೆರೆಯುವ ದಿನ ಊರಿಗೆ ಊರೇ ಒಟ್ಟಿಗೆ ನುಗ್ಗುತ್ತದೆ, ಆಮೇಲೆ ಯಾರ ಗೂಡೂ ಗುಟ್ಟಾಗಿ ಉಳಿಯುವುದಿಲ್ಲ. ಅಮ್ಮ ನನಗೆ ಬಿಟ್ಟುಹೋದದ್ದು ಅದೊಂದೇ. ನಾನು ನೆಲ ನೋಡುತ್ತಾ ಕೂತೆ.

ಆಗ ಬೀ ಸುಬೀರಾ ಕೆಮ್ಮಿದಳು. ಊರಿನ ಹೆಂಗಸರಲ್ಲೇ ಹಿರಿಯಳು, ಹಲ್ಲೊಂದೂ ಇಲ್ಲ. "ಅವರವರ ಗೂಡು ಯಾರೂ ಹೇಳ್ಬೇಡಿ. ಪಾಪ, ಬಾಯಿ ಬರಲ್ಲ. ಪಕ್ಕದವಳದ್ದು ಹೇಳಿ."

ಆಮೇಲೆ ಕಟ್ಟೆ ಒಡೆಯಿತು.

"ತಾಟುಗೆ ಜಿವೆನಿ ಪಡುಗಡೆ ಐದಿವೆ, ನಾನೇ ಕಂಡಿದ್ದೀನಿ" ಅಂದಳೊಬ್ಬಳು.

"ನಿಂದು ಮಾತ್ರ ಕಿಚಂಗಾದಲ್ಲಿದೆಯೇನೇ? ಜಿವೆನಿ ಕಡೆಯಿಂದ ಬುಟ್ಟಿ ಮುಚ್ಕೊಂಡು ಬರೋದು ಯಾರು?" ಅಂದಳು ತಾಟು.

"ನಿಮ್ಮತ್ತೆಯದೂ ಅಲ್ಲೇ."

"ನಮ್ಮತ್ತೆ ಸುದ್ದಿಗೆ ಬರ್ಬೇಡ. ಅಲ್ಲೇ ಅನ್ನೋದು ನಿಜ, ಆದ್ರೂ ಬರ್ಬೇಡ."

ಬೈಗುಳಕ್ಕೆ ಬೈಗುಳ, ನಗುವಿಗೆ ನಗು. ಎಲ್ಲರ ಬೆರಳುಗಳೂ ಜಿವೆನಿಯನ್ನೇ ತೋರಿಸುತ್ತಿದ್ದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾವು ತಲೆತಲಾಂತರದಿಂದ ಒಂದೇ ದಿಬ್ಬದಲ್ಲಿ, ಒಬ್ಬರ ಬೆನ್ನು ಒಬ್ಬರಿಗೆ ತಾಗುವಷ್ಟು ಹತ್ತಿರ ಸುತ್ತುತ್ತಿದ್ದೆವು. ನನ್ನದೊಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಸುತ್ತುದಾರಿ ಅಷ್ಟು ಗಟ್ಟಿ.

ತಾಟು ಜುವೇನಾ ಕಡೆ ತಿರುಗಿದಳು. "ನೀನು ಹೇಳೇ, ನಿನ್ನ ಸವತೀದು. ಹಿಂದೆ ಹಿಂದೆ ಹೋಗ್ತಿದ್ದೆಯಲ್ಲ."

ಕಿಚಂಗಾದಲ್ಲಿ ಎಲ್ಲರ ಮುಂದೆ ಬಾಯಿ ಬಿಟ್ಟವಳು ಇವಳೇ. ಈಗ ಕಾಂಗಾದ ಅಂಚು ಸುತ್ತುತ್ತಾ, "ನಾನು ಒಳನಾಡಿನವಳು. ಕೆಸರಲ್ಲಿ ಸಿಕ್ಕಿಬಿದ್ದದ್ದೇ ಬಂತು. ನಂಗೇನು ಗೊತ್ತು?" ಅಂದಳು.

ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು, ಆದರೆ ಬಾಯಿ ಬಿಡಲಿಲ್ಲ. ನಾನು ನೆಲದಿಂದ ತಲೆಯೆತ್ತಿದೆ.

"ಅವಳಿಗೆ ಗೊತ್ತು" ಅಂದೆ. ನನ್ನ ದನಿಯೇ ನನಗೆ ದೂರದಿಂದ ಕೇಳಿಸಿತು. "ನಮ್ಮಮ್ಮನ ಗೂಡುಗಳೂ ಜಿವೆನಿಯಲ್ಲೇ ಇವೆ. ದೊಡ್ಡದು ಬಗ್ಗಿದ ಕಲ್ಲಿನ ಪಡುಗಡೆ. ಜುವೇನಾ ತೋರಿಸ್ತಾಳೆ. ಅದನ್ನೂ ಸೇರಿಸಿ ಮುಚ್ಚಿ. ಮೊಟ್ಟೆ ಕಾಯೋ ತಾಯಿಯನ್ನ ಯಾರೂ ಮುಟ್ಟಬಾರದು ಅಂತಲೂ ಸೇರಿಸಿ."

ಮನೆಗೆ ಬಂದು ಮಲಗಿದೆ. ಅಳು ಬರುತ್ತದೆ ಅಂತ ಕಾದೆ, ನಿದ್ದೆ ಬಂತು.

ಆಗಸ್ಟ್ 4

ಜಿವೆನಿಯ ಸುತ್ತ ಹಳೆಯ ಡಬ್ಬಗಳನ್ನು ತೇಲಿಬಿಟ್ಟು ಗಡಿ ಗುರುತು ಮಾಡಿದರು. ನಡೆಯುವವರು ಕಾಯಲಾರರು, ಕಾಯುವವಳು ನಡೆಯಲಾರಳು ಅಂತ ದಡದ ಕಾವಲು ನನ್ನ ಪಾಲಿಗೆ ಬಂತು. ಒಂದು ಚಾಪೆ, ಒಂದು ತೆಂಗಿನ ನೆರಳು, ಎದುರಿಗೆ ಕಡಲು.

ಆಗಸ್ಟ್ 27

ಇಡೀ ದಿನ ನೀರಿನ ಬಣ್ಣ ನೋಡುವುದೇ ಕೆಲಸ. ಬೆಳಿಗ್ಗೆ ಬೂದಿ, ಆಮೇಲೆ ಗಾಜು, ಆಮೇಲೆ ಹೆಸರಿಲ್ಲದ ಒಂದು ಹಸಿರು. ಕೆಳಗೆ ಅವೆಲ್ಲ ಮನೆಯಲ್ಲಿ ಕೂತು ದಪ್ಪಗಾಗುತ್ತಿವೆ ಅಂತ ನೆನೆದರೆ, ಮಕ್ಕಳನ್ನು ಮಲಗಿಸಿ ಬಂದವಳಂತೆ ಮೈ ಹಗುರಾಗುತ್ತದೆ.

ಸೆಪ್ಟೆಂಬರ್ 18

ಕಷ್ಟದ ದಿನಗಳು. ಊರಿಡೀ ಮರಗೆಣಸು ತಿಂದು ಬೇಸತ್ತಿದೆ. ಇವತ್ತು ಇಳಿತದಲ್ಲಿ ಒಂದು ದೋಣಿ ಡಬ್ಬಗಳನ್ನು ದಾಟಿ ಒಳಗೆ ಹೋಯಿತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಹಾಯಿಯ ತೇಪೆ ಗುರುತು ಸಿಕ್ಕಿತು. ಆ ತೇಪೆ ಹಾಕಿದವಳು ನಾನೇ, ದೋಣಿ ನನ್ನ ಗಂಡನದು.

ತಗಡು ಬಡಿದೆ. ಕೂಗಿದೆ. ಹೆಂಗಸರೆಲ್ಲ ದಡಕ್ಕೆ ಬಂದರು. ಇವರು ತಲೆ ತಗ್ಗಿಸಿಕೊಂಡು ದೋಣಿ ತಿರುಗಿಸಿದರು.

"ಒಂದೇ ಒಂದು, ನಿನಗೇ ಅಂತ" ಅಂದರು. "ಕಾಲು ನೋವಿನಲ್ಲಿ ಸೊರಗಿಹೋಗಿದ್ದೀಯಲ್ಲ ರಿಜಿಕಿ."

ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷವಾಗಿತ್ತು. ಮನಸ್ಸು ಕರಗಿತು. ಆದರೂ ದಂಡ ಹಾಕಿಸಿದೆ. ಏಳು ದಿನ ಮಸೀದಿಯ ನೀರಿನ ತೊಟ್ಟಿ ತುಂಬಬೇಕು.

ಜುವೇನಾ ಅವರಿಗೆ ಊಟ ಬಡಿಸುತ್ತಾ, "ಗಂಜಿಗೆ ಇವತ್ತು ತೆಂಗಿನಹಾಲಿಲ್ಲ. ಕಳ್ಳರಿಗೆ ನಾವು ಹಾಕಲ್ಲ" ಅಂದಳು. ನಾನು ನಕ್ಕು ನಕ್ಕು ಕೆಮ್ಮಿದೆ.

ಅಕ್ಟೋಬರ್ 9

ಕನಸು ಬಿದ್ದಿತ್ತು. ಬೆಳಿಗ್ಗೆಯೇ ಜುವೇನಾಗೆ ಹೇಳಿದ್ದರಿಂದ ಇಲ್ಲಿ ಬರೆಯುವುದು ಏನೂ ಉಳಿದಿಲ್ಲ.

ಅಕ್ಟೋಬರ್ 25

ಜೂನ್‌ನಲ್ಲಿ ವೈದ್ಯ ಹೇಳಿದ್ದನ್ನು ಇವತ್ತು ಬರೆದುಬಿಡುತ್ತೇನೆ. ಹಿಮ್ಮಡಿಯ ನರ ಸತ್ತಿದೆ. ನೆಲದ ಮೇಲೆ ಕೋಲೂರಿ ನಡೆಯಬಹುದು, ಹವಳದ ಮೇಲೆ ಇನ್ನೆಂದೂ ಆಗುವುದಿಲ್ಲ. ಜುವೇನಾಗೆ ಮೊದಲೇ ಗೊತ್ತಿತ್ತಂತೆ. ನಾನು ಹೇಳಲಿ ಅಂತ ಕಾಯುತ್ತಿದ್ದಳಂತೆ.

ನವೆಂಬರ್ 2

ಜಿವೆನಿ ತೆರೆಯಿತು.

ಈ ಸಲ ಡೋಲು ಬೇಡ ಅಂದಳು ಬೀ ಸುಬೀರಾ, ಮೊದಲು ಬುಟ್ಟಿ ನೋಡೋಣ ಅಂತ. ಗಾಳಿ ನಿಂತಿತ್ತು. ನೀರು ಸದ್ದಿಲ್ಲದೆ ಹಿಂದೆ ಸರಿದು ದಿಬ್ಬದ ಬೆನ್ನು ಕಂಡಿತು. ಹೆಂಗಸರು ನೆಟ್ಟಗೆ ನಡೆದರು. ಯಾರೂ ಉತ್ತರಕ್ಕೆ ತಿರುಗಲಿಲ್ಲ, ಯಾರೂ ಚಿಪ್ಪು ಹೆಕ್ಕುವ ನಾಟಕ ಮಾಡಲಿಲ್ಲ. ಹಳದಿ, ಕೆಂಪು, ನೀಲಿ ಕಾಂಗಾಗಳು ಸಣ್ಣದಾಗುತ್ತಾ ಹೋಗಿ ಬೆಳಕಿನಲ್ಲಿ ಕರಗಿದವು. ನಾನು ಚಾಪೆಯ ಮೇಲೆ ಒಬ್ಬಳೇ. ಅಮ್ಮನ ಬಾಗಿಲಿಗೆ ಈಗ ಯಾರ ಕೋಲು ಹೋಗುತ್ತಿದೆಯೋ ಅಂದುಕೊಂಡೆ. ಸಂಕಟವಾಯಿತು, ಸುಳ್ಳು ಯಾಕೆ ಬರೆಯಲಿ.

ನೀರು ಏರತೊಡಗಿದಾಗ ಅವರು ಬಂದರು. ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು, ಬುಟ್ಟಿಗಳು ಭಾರವಾಗಿದ್ದವು. ಮಣಿಕಟ್ಟಿನಷ್ಟು ದಪ್ಪದ ಪ್ವೆಜಾ ಕೈಗಳು ಅಂಚಿನಿಂದ ಹೊರಗೆ ಜಾರುತ್ತಿದ್ದವು. ಕೊಳ್ಳುವವನು ತಕ್ಕಡಿ ತೂಗುಹಾಕಿ, ಇಷ್ಟು ದೊಡ್ಡದನ್ನು ಎಲ್ಲಿ ಹಿಡಿದಿರಿ ಅಂತ ಒಬ್ಬೊಬ್ಬರನ್ನೂ ಕೇಳುತ್ತಾ ಹೋದ.

"ಮ್ವಾಜುಮಾ ಮನೆ ಹತ್ರ" ಅಂದಳು ತಾಟು.

"ಮ್ವಾಜುಮಾ ಮನೆಯಿಂದ ಎರಡು ಹೆಜ್ಜೆ ಆಚೆ" ಅಂದಳು ಮುಂದಿನವಳು.

"ಮ್ವಾಜುಮಾ ಮನೇದೇ ಇದು. ತಾಯಿ ಒಂದಿತ್ತು, ಅದನ್ನ ಬಿಟ್ವಿ."

ಅದು ನನ್ನ ಅಮ್ಮನ ಹೆಸರು. ಹದಿಮೂರು ವರ್ಷದಿಂದ ಈ ದಡದಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಇವತ್ತು ಬಾಯಿಯಿಂದ ಬಾಯಿಗೆ, ನೀರಿನ ಮೇಲಿಂದ, ಮಕ್ಕಳು ಪಕ್ಕದ ಮನೆಗೆ ಹೋಗಿಬರುತ್ತೇನೆ ಅನ್ನುವಷ್ಟು ಸಲೀಸಾಗಿ ಬರುತ್ತಿತ್ತು. ದಿಬ್ಬದಲ್ಲಿ ಗುರುತಿಗೆ ಅಂತ ಅವರು ಯಾವಾಗ ಆ ಹೆಸರಿಟ್ಟರೋ ನನಗೆ ತಿಳಿಯದು. ನನ್ನ ಕಣ್ಣಿನಲ್ಲಿ ನೀರು ನಿಲ್ಲಲಿಲ್ಲ.

ಕೊಳ್ಳುವವನು ತಲೆ ಕೆರೆದುಕೊಂಡ. "ಯಾರ್ರೀ ಅದು ಮ್ವಾಜುಮಾ? ಎಲ್ಲಾ ಅವಳ ಮನೇದೇ ಅಂತೀರಿ. ಅವಳನ್ನೇ ಕರೀರಿ, ನೇರವಾಗಿ ಮಾತಾಡ್ತೀನಿ."

ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ಕಾಂಗಾದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಜುವೇನಾ ತಲೆಯ ಮೇಲಿನ ಬುಟ್ಟಿ ಇಳಿಸಿ, ಮುಖದ ಉಪ್ಪುನೀರು ಒರೆಸಿಕೊಂಡಳು.

"ಈಗಿಲ್ಲ ಅಣ್ಣಾ" ಅಂದಳು. "ಅವಳು ನಮ್ಮಮ್ಮ."

ಕೊಳ್ಳುವವನು ಸರಿ ಅಂತ ಅವಳ ಬುಟ್ಟಿಯನ್ನು ತಕ್ಕಡಿಗೆ ಎತ್ತಿದ. ನಾನು ಅವಳ ಕೈ ಹಿಡಿದು ಎದ್ದೆ, ಮನೆ ಕಡೆ ನಿಧಾನವಾಗಿ ನಡೆದೆವು.